ಮೊದಲು ಕಾಲು ನೋಡಿ, ಆಮೇಲೆ ಮುಖ: ಕಡಲ ದಂಡೆಯ ಮಕ್ಕಳ ಹಳೆ ಫೋಟೊ ನೋಡುವ ಬಗೆ

ಕಲಬುರಗಿಗೆ ಸಮುದ್ರ ಹತ್ತಿರವಿಲ್ಲ. ಮುಂಬೈ ಕಡಲು ನೋಡಬೇಕಂದ್ರೆ ರೈಲಿನಲ್ಲಿ ಸುಮಾರು 570 ಕಿಲೋಮೀಟರ್ ಹೋಗಬೇಕು. ಆದರೂ ನಮ್ಮ ಕಡೆಯ ಎಷ್ಟೋ ಮನೆಗಳ ಟ್ರಂಕು, ಅಲಮಾರಿ, ಹಳೆ ಬಿಸ್ಕಿಟ್ ಡಬ್ಬಿ ಹುಡುಕಿದರೆ ಸಮುದ್ರದ ದಂಡೆಯಲ್ಲಿ ನಿಂತ ಮಕ್ಕಳ ಕಪ್ಪು-ಬಿಳುಪು ಫೋಟೊ ಒಂದಾದರೂ ಸಿಗುತ್ತದೆ. ಇದಕ್ಕೆ ಕಾರಣ ರೈಲು. ಮುಂಬೈ ಕಡೆಯಿಂದ ಬಂದ ಹಳಿ ಗುಲಬರ್ಗಾ ದಾಟಿ 1871ರಲ್ಲೇ ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿಕೊಂಡಿತು. ಆ ಕಡೆ ಹೋದರೂ ಸಮುದ್ರ, ಈ ಕಡೆ ಹೋದರೂ ಸಮುದ್ರ. ಬೇಸಿಗೆ ರಜೆಗೆ ಮುಂಬೈಯ ಸೋದರಮಾವನ ಮನೆ, ಮುತ್ಯಾನ ಜೊತೆ ರಾಮೇಶ್ವರ ಯಾತ್ರೆ, ಶಾಲೆಯ ಪ್ರವಾಸ. ಹೋದವರು ಬರುವಾಗ ಒಂದು ಫೋಟೊ ತಂದರು.

ಅಂಥ ಫೋಟೊ ಕೈಗೆ ಬಂದರೆ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: "ಇಂವ ಯಾರು? ಇಕಿ ಯಾರು?" ಹೆಸರು ಗೊತ್ತಾಯಿತು, ಫೋಟೊ ಮತ್ತೆ ಡಬ್ಬಿಗೆ ಹೋಯಿತು. ಒಂದು ನಿಮಿಷ ಕೂಡ ನೋಡಿರುವುದಿಲ್ಲ. ಹೆಸರು ಬೇಕು, ಖಂಡಿತ ಬೇಕು. ಆದರೆ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಬಯಲುಸೀಮೆಯ ಮಗು ಮೊದಲ ಸಲ ಅಲೆ ಕಂಡ ಕ್ಷಣ ಆ ಚಿಕ್ಕ ಕಾಗದದಲ್ಲಿ ಉಳಿದಿದೆ. ಅದನ್ನು ನೋಡಲು ಒಂದು ಕ್ರಮ ಇದ್ದರೆ ಒಳ್ಳೆಯದು.

ಉದಾಹರಣೆಗೆ ನಮ್ಮ ಮನೆಯದೇ ಒಂದು ಫೋಟೊ ಇಟ್ಟುಕೊಳ್ಳುತ್ತೇನೆ. ಅತ್ತೆಯ ಟ್ರಂಕಿನಲ್ಲಿದ್ದದ್ದು. ಅಂಗೈಗಿಂತ ಚಿಕ್ಕದು. ನಾಲ್ಕು ಮಕ್ಕಳು, ಹಿಂದೆ ಸಮುದ್ರ. ದೊಡ್ಡವಳು ಪರಕಾರ ತೊಟ್ಟಿದ್ದಾಳೆ, ಎರಡು ಜಡೆಗೂ ರಿಬ್ಬನ್. ಇಬ್ಬರು ಗಂಡುಹುಡುಗರು ಚೊಣ್ಣ ಹಾಕಿಕೊಂಡಿದ್ದಾರೆ. ಎಲ್ಲರಿಗಿಂತ ಚಿಕ್ಕದು ಅಕ್ಕನ ಕೈ ಹಿಡಿದು ನಿಂತಿದೆ. ನೀವು ನಿಮ್ಮ ಮನೆಯ ಫೋಟೊ ಎದುರಿಗೆ ಇಟ್ಟುಕೊಂಡು ಓದಿ.

ಕೂರುವ ಜಾಗ, ಬೆಳಕು

ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಎಣ್ಣೆ, ಬೆವರು ಎರಡೂ ಫೋಟೊಕ್ಕೆ ಆಗಿಬರುವುದಿಲ್ಲ. ಅಂಚು ಹಿಡಿದು ಎತ್ತಿ, ಚಿತ್ರದ ಮೇಲೆ ಬೆರಳಿಡಬೇಡಿ. ಮೇಜಿನ ಮೇಲೆ ಬಿಳಿ ಬಟ್ಟೆಯನ್ನೋ ಬಿಳಿ ಹಾಳೆಯನ್ನೋ ಹಾಸಿ. ಕಿಟಕಿಯ ಪಕ್ಕ ಕೂತರೆ ಸಾಕು, ಆದರೆ ಬಿಸಿಲು ನೇರ ಬೀಳಬಾರದು. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬೆಳಗಿನ ಹೊತ್ತೇ ಒಳ್ಳೆಯದು. ಮಧ್ಯಾಹ್ನ ಬೆವರು ತಪ್ಪಿಸಲಿಕ್ಕಾಗುವುದಿಲ್ಲ.

ಧೂಳಿದ್ದರೆ ಮೆತ್ತನೆಯ ಒಣ ಬ್ರಷ್‌ನಿಂದ ಮೆಲ್ಲಗೆ ಸರಿಸಿ. ಒದ್ದೆ ಬಟ್ಟೆ ಬೇಡ. ಈ ಫೋಟೊಗಳ ಮೇಲ್ಪದರ ಜಿಲೆಟಿನ್. ನೀರು ತಗುಲಿದರೆ ಉಬ್ಬಿ ಅಂಟಾಗುತ್ತದೆ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ. ಗಾಜಿನ ಮೇಲಿಂದಲೇ ನೋಡಿ.

ಒಂದು ಭೂತಗನ್ನಡಿ ಇರಲಿ. ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿದರೂ ನಡೆಯುತ್ತದೆ. ಆದರೆ ಮೊದಲು ಬರೀ ಕಣ್ಣಿನಿಂದ ನೋಡಿ, ಸುಮ್ನೆ, ಏನೂ ಹುಡುಕದೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ನೆನಪಿಟ್ಟುಕೊಳ್ಳಿ.

ಇದು ನಿಜವಾಗಿ ಸಮುದ್ರವೇ?

ಈ ಪ್ರಶ್ನೆ ನಮ್ಮ ಜಿಲ್ಲೆಗಳವರು ಕೇಳಲೇಬೇಕು. ಯಾಕಂದ್ರೆ ಹಿಂದೆ ಸ್ಟುಡಿಯೊಗಳಲ್ಲಿ, ಜಾತ್ರೆಯ ಫೋಟೊ ಅಂಗಡಿಗಳಲ್ಲಿ ಬಣ್ಣ ಬಳಿದ ಪರದೆ ಇರುತ್ತಿತ್ತು. ತಾಜಮಹಲು, ತೋಟ, ಹಂಸ, ಹಾಗೇ ಸಮುದ್ರ ಮತ್ತು ದೋಣಿ. ಕಪ್ಪು-ಬಿಳುಪಿನಲ್ಲಿ ಪರದೆಯ ಸಮುದ್ರ ಮೊದಲ ನೋಟಕ್ಕೆ ನಿಜ ಅನ್ನಿಸಿಬಿಡುತ್ತದೆ. ಪಾದದ ಹತ್ತಿರ ನೋಡಿ. ಜಮಖಾನೆ, ಫರ್ಸಿ ಕಲ್ಲು, ಪರದೆ ನೆಲಕ್ಕೆ ತಾಗುವ ಗೆರೆ ಕಾಣುತ್ತದಾ? ಆಕಾಶದಲ್ಲಿ ಮಡಿಕೆ ಬಿದ್ದಿದೆಯಾ? ಕೂದಲು, ಬಟ್ಟೆ ಒಂದು ಎಳೆಯೂ ಹಾರದೆ ಕೂತಿದೆಯಾ? ಹಾಗಿದ್ದರೆ ಅದು ಪರದೆ. ಅದನ್ನು ಕಡಿಮೆ ಎಂದು ಪಕ್ಕಕ್ಕಿಡಬೇಡಿ. ಸಮುದ್ರಕ್ಕೆ ಹೋಗಲಾಗದ ಮನೆ ತನ್ನ ಮಕ್ಕಳನ್ನು ಸಮುದ್ರದ ಮುಂದೆ ನಿಲ್ಲಿಸಿದೆ. ನನಗೆ ಅಂಥ ಫೋಟೊ ಕಂಡರೆ ಪ್ರೀತಿ ಜಾಸ್ತಿಯೇ.

ಬೀದರ್ ಕಡೆಯ ಮನೆಗಳಲ್ಲಿ ಇನ್ನೊಂದು ಸಾಧ್ಯತೆ ಇದೆ. ಹೈದರಾಬಾದು ಹತ್ತಿರ. "ಸಮುದ್ರದ ಫೋಟೊ" ಅಂತ ಮನೆಯಲ್ಲಿ ಹೇಳುತ್ತಾ ಬಂದದ್ದು ಅಲ್ಲಿನ ಹುಸೇನ್ ಸಾಗರ ಕೆರೆಯದ್ದಾಗಿರಬಹುದು. ಉಸುಕು ಇಲ್ಲ, ಕಟ್ಟೆ ಅಥವಾ ಕಂಬಿ ಇದೆ, ನೀರಿನಲ್ಲಿ ಸಣ್ಣ ಸುಕ್ಕಷ್ಟೇ ಇದೆ, ಆಚೆ ದಡ ಮಸುಕಾಗಿ ಕಾಣುತ್ತದೆ ಅಂದರೆ ಅದು ಆ ಕೆರೆಯ ಏರಿ, ಟ್ಯಾಂಕ್ ಬಂಡ್, ಆಗಿರುವ ಸಂಭವ ಹೆಚ್ಚು. ನೀರಿನ ನಡುವೆ ಬುದ್ಧನ ವಿಗ್ರಹ ಕಂಡರೆ ಫೋಟೊ 1992ರ ಆಮೇಲಿನದು.

ಕಾಗದವನ್ನೂ ನೋಡಿ

ಫೋಟೊ ಅಂದರೆ ಚಿತ್ರ ಮಾತ್ರವಲ್ಲ, ಒಂದು ವಸ್ತು. ಅಳತೆ ಪಟ್ಟಿ ಇಟ್ಟು ನೋಡಿ. ಚಿತ್ರ ಸುಮಾರು 6 ಸೆಂಟಿಮೀಟರ್ ಚೌಕವಾಗಿದ್ದರೆ ಅದು 120 ರೋಲ್ ಫಿಲ್ಮಿನದು, ರೋಲಿಗೆ 12 ಫೋಟೊ. 1960-70ರ ದಶಕಗಳಲ್ಲಿ ನಮ್ಮ ದೇಶದ ಎಷ್ಟೋ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಇದೇ ಅಳತೆಯದು. 6×9 ಇದ್ದರೆ ಬಾಕ್ಸ್ ಕ್ಯಾಮೆರಾ ಆಗಿರಬಹುದು, ಅದೇ ರೋಲಿನಲ್ಲಿ 8 ಮಾತ್ರ. ಎಂಟು! ಇಡೀ ಮುಂಬೈ ಪ್ರವಾಸಕ್ಕೆ ಒಂದೇ ರೋಲು ಒಯ್ದಿದ್ದರೆ, ಅದರಲ್ಲೊಂದನ್ನು ಈ ಮಕ್ಕಳಿಗೆ ಕೊಟ್ಟಿದ್ದಾರೆ. ಇವತ್ತು ಫೋನಿನಲ್ಲಿ ಒಂದೇ ಉಸಿರಿಗೆ ಇಪ್ಪತ್ತು ಒತ್ತುವ ನಮಗೆ ಆ ಲೆಕ್ಕ ಮನಸ್ಸಿಗೆ ಬರಬೇಕು.

ಆಗ ಖರ್ಚು ಉಳಿಸಲು ನೆಗೆಟಿವ್ ಎಷ್ಟಿದೆಯೋ ಅಷ್ಟೇ ಅಳತೆಯ ಪ್ರಿಂಟ್ ಹಾಕಿಸುತ್ತಿದ್ದರು. ನೆಗೆಟಿವನ್ನು ಕಾಗದದ ಮೇಲೇ ಒತ್ತಿಟ್ಟು ಬೆಳಕು ಬಿಡುವುದು. ಅದನ್ನು ಕಾಂಟ್ಯಾಕ್ಟ್ ಪ್ರಿಂಟ್ ಅನ್ನುತ್ತಾರೆ. ಚಿಕ್ಕದು ಅಂತ ತಾತ್ಸಾರ ಮಾಡಬೇಡಿ. ದೊಡ್ಡದು ಮಾಡದ ಕಾರಣ ಅದರಲ್ಲಿ ವಿವರ ಗಟ್ಟಿಯಾಗಿ ಕೂತಿರುತ್ತದೆ. ಭೂತಗನ್ನಡಿ ಇಟ್ಟರೆ ಗುಂಡಿಯ ದಾರ ಕೂಡ ಕಾಣಬಹುದು.

ಅಂಚು ಕತ್ತರಿಸಿದಂತೆ ಅಲೆಅಲೆಯಾಗಿದ್ದರೆ ಅದು ಹೆಚ್ಚಾಗಿ 1930ರಿಂದ 60ರ ದಶಕದ ರೂಢಿ. ಕಾಗದ ಮುಟ್ಟಿದರೆ ಪ್ಲಾಸ್ಟಿಕ್ಕಿನ ಹಾಗೆ ನುಣ್ಣಗಿದ್ದು, ಸುರುಳಿಯಾಗದೆ ಚಪ್ಪಟೆ ಕೂತರೆ ಅದು ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದ, 1970ರ ಆಸುಪಾಸು ಅಥವಾ ಆಮೇಲಿನದು. ಕಪ್ಪು ಭಾಗದ ಅಂಚುಗಳಲ್ಲಿ ನೀಲಿ ಛಾಯೆಯ ಹೊಳಪು, ಬೆಳ್ಳಿ ಲೇಪಿಸಿದಂತೆ ಕಾಣುತ್ತದಾ? ಅದು ನಿಜವಾಗಿಯೂ ಬೆಳ್ಳಿಯೇ. ಕಪ್ಪು-ಬಿಳುಪು ಫೋಟೊದ ಕಪ್ಪೆಲ್ಲ ಬೆಳ್ಳಿಯ ಸಣ್ಣ ಕಣಗಳು. ವರ್ಷಗಳು ಕಳೆದಂತೆ ಅವು ಮೇಲಕ್ಕೆ ಬಂದು ಹೊಳೆಯುತ್ತವೆ. ಒರೆಸಿ ತೆಗೆಯಲು ಹೋಗಬೇಡಿ. ಹಳದಿ-ಕಂದು ಕಲೆಗಳಿಗೆ ಹೆಚ್ಚಿನ ಸಲ ಕಾರಣ, ಪ್ರಿಂಟ್ ಹಾಕಿದಾಗ ಚಿತ್ರ ನಿಲ್ಲಿಸಲು ಬಳಸುವ ಹೈಪೊ ದ್ರಾವಣವನ್ನು ಪೂರ್ತಿ ತೊಳೆಯದೆ ಬಿಟ್ಟಿದ್ದು.

ಹಿಂದೆ ತಿರುಗಿಸಿ. ನಮ್ಮ ಕಡೆ ಈ ಬೆನ್ನು ಬಹಳ ಮಾತಾಡುತ್ತದೆ. ಸ್ಟುಡಿಯೊದ ರಬ್ಬರ್ ಮುದ್ರೆ ಕನ್ನಡದಲ್ಲೇ ಇರಬೇಕೆಂದಿಲ್ಲ. ಉರ್ದು, ಮರಾಠಿ, ಇಂಗ್ಲಿಷ್ ಯಾವುದೂ ಆಗಿರಬಹುದು. ಹಿರಿಯರು ಹಳೆ ಮರಾಠಿಯ ಮೋಡಿ ಲಿಪಿಯಲ್ಲಿ ಬರೆದಿರಲೂಬಹುದು. ಇಸವಿ ವಿಚಿತ್ರವಾಗಿ ಕಂಡರೆ, ಉದಾಹರಣೆಗೆ 1350 ಅಂತ ಇದ್ದರೆ, ಗಾಬರಿಯಾಗಬೇಡಿ. ಅದು ನಿಜಾಮರ ಕಾಲದ ಫಸಲಿ ವರ್ಷ. ಸುಮಾರು 590 ಕೂಡಿಸಿ. ಫಸಲಿ 1350 ಅಂದರೆ 1940-41. ಊರಿನ ಹೆಸರೂ ಸುಳಿವೇ. ಮುದ್ರೆಯಲ್ಲಿ "ಗುಲಬರ್ಗಾ" ಅಂತಲೇ ಇರುತ್ತದೆ, ಕಲಬುರಗಿ ಅಂತ ಅಧಿಕೃತವಾಗಿ ಆದದ್ದು 2014ರಲ್ಲಿ. ಕಾಗದದ ಹಿಂದೆ "ಇಂದು" ಎಂಬ ಹೆಸರಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಮಾಲು. ಕಾರ್ಖಾನೆ ಕೆಲಸ ಶುರುಮಾಡಿದ್ದು 1967ರಲ್ಲಿ. ಹಾಗಾಗಿ ಪ್ರಿಂಟ್ ಅದಕ್ಕಿಂತ ಹಳೆಯದಿರಲಾರದು. ಪ್ರಿಂಟ್ ಅಂದೆ, ಫೋಟೊ ಅಲ್ಲ. ಹಳೆ ನೆಗೆಟಿವಿನಿಂದ ಎಷ್ಟೋ ವರ್ಷಗಳ ನಂತರವೂ ಪ್ರಿಂಟ್ ಹಾಕಿಸಿರಬಹುದು.

ನೀರೂ ಆಕಾಶವೂ ಕೂಡುವ ಗೆರೆ

ಈಗ ಚಿತ್ರಕ್ಕೆ ಬನ್ನಿ. ಮಕ್ಕಳನ್ನು ಬಿಟ್ಟು ಹಿಂದಿನ ಗೆರೆ ನೋಡಿ. ಸಮುದ್ರ ಮುಗಿದು ಆಕಾಶ ಶುರುವಾಗುವ ಗೆರೆ. ಅದು ಮಕ್ಕಳ ಮೈಯನ್ನು ಎಲ್ಲಿ ದಾಟುತ್ತದೆ?

ಇದು ನನಗೆ ಬಹಳ ಇಷ್ಟದ ಲೆಕ್ಕ. ಸಪಾಟು ದಂಡೆಯಲ್ಲಿ ಆ ಗೆರೆ ಎಲ್ಲರ ಮೈಯನ್ನೂ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಎತ್ತರದಲ್ಲಿ ದಾಟುತ್ತದೆ. ಹತ್ತಿರ ನಿಂತವರಿಗೂ ಅಷ್ಟೇ, ದೂರ ನಿಂತವರಿಗೂ ಅಷ್ಟೇ. ಗೆರೆ ಮಕ್ಕಳ ತಲೆಗಿಂತ ಮೇಲಿದ್ದರೆ ದೊಡ್ಡವರೊಬ್ಬರು ನಿಂತು, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ತೆಗೆದಿದ್ದಾರೆ. ಮಕ್ಕಳ ಸೊಂಟದ ಹತ್ತಿರ ಇದ್ದರೆ ತೆಗೆದವರು ಉಸುಕಿನಲ್ಲಿ ಮೊಣಕಾಲೂರಿ ಕೂತಿದ್ದಾರೆ. ಅಥವಾ ತೆಗೆದದ್ದು ಇನ್ನೊಂದು ಮಗು.

ನಮ್ಮ ಫೋಟೊದಲ್ಲಿ ಗೆರೆ ದೊಡ್ಡ ಹುಡುಗಿಯ ಭುಜಕ್ಕೆ ಬರುತ್ತದೆ. ಹತ್ತು ವರ್ಷದ ಹುಡುಗಿಯ ಭುಜ ಅಂದರೆ ದೊಡ್ಡವರ ಹೊಟ್ಟೆಯ ಮಟ್ಟ. ಬಾಕ್ಸ್ ಕ್ಯಾಮೆರಾವನ್ನು ಹಿಡಿಯುತ್ತಿದ್ದದ್ದು ಅಲ್ಲೇ. ಹೊಟ್ಟೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಚಿಕ್ಕ ಗಾಜಿನ ಕಿಂಡಿಯಲ್ಲಿ ಇಣುಕಿ ಗುರಿ ಇಡಬೇಕು. ಆ ಕಿಂಡಿಯಲ್ಲಿ ಎಡ-ಬಲ ಅದಲುಬದಲಾಗಿ ಕಾಣುತ್ತದೆ. ನೇರ ಮಾಡಲು ಹೋದರೆ ಇನ್ನೂ ಓರೆಯಾಗುತ್ತದೆ. ಅದಕ್ಕೇ ಹಳೆ ಫೋಟೊಗಳಲ್ಲಿ ಸಮುದ್ರ ಎಷ್ಟೋ ಸಲ ಒಂದು ಕಡೆ ವಾಲಿರುತ್ತದೆ. ನಮ್ಮದರಲ್ಲೂ ಬಲಕ್ಕೆ ವಾಲಿದೆ. ಸ್ಕ್ಯಾನ್ ಮಾಡಿದ ಮೇಲೆ ಅದನ್ನು ನೆಟ್ಟಗೆ ಮಾಡುವ ಆಸೆ ಬರುತ್ತದೆ. ಮಾಡಬೇಡಿ ಅನ್ನುತ್ತೇನೆ. ಆ ಓರೆ ತೆಗೆದವರ ಕೈಯ ಗುರುತು.

ನೆರಳು ಹೇಳುವ ಹೊತ್ತು

ಉಸುಕಿನ ಮೇಲೆ ಮಕ್ಕಳ ನೆರಳು ಯಾವ ಕಡೆಗೆ ಬಿದ್ದಿದೆ? ಮುಂಬೈ, ಗೋಕರ್ಣ, ಮುರುಡೇಶ್ವರ, ಕಾರವಾರದಲ್ಲಿ ಸಮುದ್ರ ಪಡುವಣಕ್ಕೆ. ಮಕ್ಕಳ ಹಿಂದೆ ಸಮುದ್ರವಿದ್ದು ನೆರಳು ನೀರಿನ ಕಡೆ ಬಿದ್ದಿದ್ದರೆ ಸೂರ್ಯ ಮೂಡಣದಲ್ಲಿದ್ದಾನೆ, ಅಂದರೆ ಬೆಳಗಿನ ಹೊತ್ತು. ನೆರಳು ನಿಮ್ಮ ಕಡೆ ಬಂದಿದ್ದರೆ ಮಧ್ಯಾಹ್ನದ ಮೇಲೆ. ಆಗ ಮಕ್ಕಳ ಮುಖ ಕಪ್ಪಾಗಿ, ಕೂದಲಿನ ಸುತ್ತ ಮಾತ್ರ ಬೆಳಕು ಬಂದಿರುತ್ತದೆ. ಮದರಾಸಿನ ಮರೀನಾದಲ್ಲಾದರೆ ಇದೆಲ್ಲ ಉಲ್ಟಾ. ಅಲ್ಲಿ ಸಮುದ್ರ ಮೂಡಣಕ್ಕೆ. ನೆರಳು ಗಿಡ್ಡವಾಗಿ ಕಾಲ ಬುಡದಲ್ಲೇ ಇದ್ದರೆ ನಡು ಮಧ್ಯಾಹ್ನ.

"ಬೆನ್ನಿಗೆ ಸೂರ್ಯ ಇಟ್ಟುಕೊಂಡು ತೆಗೆಯಬೇಕು" ಅನ್ನೋದು ಆ ಕಾಲದ ಫೋಟೊ ಪಾಠ. ಅದರಿಂದ ಎರಡು ವಿಷಯ ಆಗುತ್ತಿತ್ತು. ಒಂದು, ಮಕ್ಕಳೆಲ್ಲ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದರು. ಅವರು ಸಿಟ್ಟಿನಲ್ಲಿದ್ದರು ಅಂತ ತಿಳಿಯಬೇಡಿ, ಬಿಸಿಲು ಹಾಗಿತ್ತು. ಇನ್ನೊಂದು, ತೆಗೆದವರ ನೆರಳೇ ಫೋಟೊದ ಕೆಳಗೆ ಬಂದು ಬೀಳುತ್ತಿತ್ತು. ನಿಮ್ಮ ಫೋಟೊದ ಕೆಳ ಅಂಚು ಒಮ್ಮೆ ನೋಡಿ. ನಮ್ಮದರಲ್ಲಿ ಅಲ್ಲೊಂದು ನೆರಳಿದೆ. ಎರಡೂ ಮೊಣಕೈ ಆಚೆ ಚಾಚಿವೆ, ತಲೆ ಬಗ್ಗಿದೆ. ಕೆಳಗೆ ಧೋತರದ ಅಗಲ. ಮನೆಯ ಎಲ್ಲ ಫೋಟೊ ತೆಗೆದು ತಾವು ಮಾತ್ರ ಯಾವುದರಲ್ಲೂ ಇಲ್ಲದ ಹಿರಿಯರು ಎಷ್ಟು ಮನೆಗಳಲ್ಲಿಲ್ಲ? ಅವರು ಸಿಗುವ ಜಾಗ ಇದು.

ಬಣ್ಣವಿಲ್ಲದ್ದನ್ನು ನೋಡುವ ಅಭ್ಯಾಸ

ಕಪ್ಪು-ಬಿಳುಪಿನಲ್ಲಿ ಬಣ್ಣ ಹುಡುಕಬೇಡಿ, ಬೂದು ಎಷ್ಟು ಬಗೆ ಇದೆ ನೋಡಿ. ಸಮುದ್ರದ ಫೋಟೊ ಇದಕ್ಕೆ ಹೇಳಿ ಮಾಡಿಸಿದ್ದು. ಒಣ ಉಸುಕು ತಿಳಿ ಬೂದು. ಈಗಷ್ಟೇ ಅಲೆ ಬಂದು ಹೋದ ಉಸುಕು ಕಡು ಬೂದು. ಇನ್ನೂ ನೀರಿನ ತೆಳು ಪದರವಿರುವ ಉಸುಕಿನಲ್ಲಿ ಮಕ್ಕಳ ಕಾಲು ತಲೆಕೆಳಗಾಗಿ ಕಾಣುತ್ತದೆ. ನೊರೆ ಅಚ್ಚ ಬಿಳಿ. ಒಣ ಮತ್ತು ಒದ್ದೆ ಉಸುಕಿನ ನಡುವಿನ ಗೆರೆ ಹುಡುಕಿ. ಮಕ್ಕಳು ಅದರ ಆಚೆ ಇದ್ದಾರೋ ಈಚೆಯೋ? ಆ ಗೆರೆಯ ಈಚೆಗೇ ನಿಂತುಬಿಟ್ಟ ಮಗುವೊಂದು ಎಷ್ಟೋ ಫೋಟೊಗಳಲ್ಲಿ ಇದ್ದೇ ಇರುತ್ತದೆ.

ಆಕಾಶ ಬರೀ ಬಿಳಿ ಹಾಳೆಯಾಗಿದ್ದರೆ ಮೋಡವೇ ಇರಲಿಲ್ಲ ಅಂತಲ್ಲ. ಹಳೆ ಫಿಲ್ಮು ನೀಲಿಗೆ ಬಹಳ ಬೇಗ ಸ್ಪಂದಿಸುತ್ತಿತ್ತು, ನೀಲಿ ಆಕಾಶ ಬೆಳ್ಳಗೇ ಬಂದುಬಿಡುತ್ತಿತ್ತು. ಅದಕ್ಕೂ ಹಿಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ರಿಬ್ಬನ್, ಕುಂಕುಮ, ಕೆಂಪು ಸೀರೆ ಎಲ್ಲ ಕಪ್ಪಾಗಿ ಬರುತ್ತಿದ್ದವು. ಆದ್ದರಿಂದ ಹುಡುಗಿಯ ರಿಬ್ಬನ್ ಕಪ್ಪು ಕಂಡರೆ ಕಪ್ಪು ರಿಬ್ಬನ್ ಅಂತ ಬರೆದಿಡಬೇಡಿ.

ಇಲ್ಲೇ ಒಂದು ಮಾತು ಹೇಳಬೇಕು. ಹಳೆ ಫೋಟೊ ನೋಡುತ್ತಾ "ಇಕಿ ಎಷ್ಟು ಕರಿ ಇದ್ಲು ನೋಡು" ಅನ್ನೋದು ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಫಿಲ್ಮು ಕೆಂಪಿಗೆ ಕುರುಡಾದರೆ ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗುತ್ತದೆ. ಹಿಂದೆ ಹೊಳೆಯುವ ಸಮುದ್ರವಿದ್ದರೆ ಮುಖ ಇನ್ನಷ್ಟು ಕಪ್ಪಾಗುತ್ತದೆ. ಪ್ರಿಂಟ್ ಹಾಕಿದವರು ಒಂದೆರಡು ಸೆಕೆಂಡ್ ಜಾಸ್ತಿ ಬೆಳಕು ಬಿಟ್ಟರೂ ಅಷ್ಟೇ. ಫೋಟೊ ನೋಡಿ ಯಾರ ಬಣ್ಣವನ್ನೂ ಹೇಳಲು ಬರುವುದಿಲ್ಲ. ಆ ಮಾತು ಬಿಟ್ಟುಬಿಡಿ. ಆ ಹುಡುಗಿ ಇವತ್ತು ಅಜ್ಜಿಯಾಗಿ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿರಬಹುದು.

ಕಾಲು, ಕೈ, ಕೊನೆಗೆ ಮುಖ

ಈಗ ಮಕ್ಕಳು. ಭೂತಗನ್ನಡಿ ತೆಗೆದುಕೊಂಡು ಪಾದದಿಂದ ಶುರುಮಾಡಿ.

ಯಾಕೆ ಪಾದ? ಮುಖಕ್ಕೆ ಅಪ್ಪ ಆಗಲೇ ಹೇಳಿಬಿಟ್ಟಿರುತ್ತಾರೆ, "ಈ ಕಡೆ ನೋಡ್ರಿ, ನಗ್ರಿ" ಅಂತ. ಮುಖ ಕ್ಯಾಮೆರಾದ ಮಾತು ಕೇಳುತ್ತಿರುತ್ತದೆ. ಕಾಲಿಗೆ ಯಾರೂ ಏನೂ ಹೇಳಿರುವುದಿಲ್ಲ. ಅದು ನೀರಿನ ಮಾತನ್ನೇ ಕೇಳುತ್ತಿರುತ್ತದೆ. ಅಲೆ ಹಿಂದೆ ಸರಿಯುವಾಗ ಪಾದದಡಿಯ ಉಸುಕನ್ನು ಎಳೆದುಕೊಂಡು ಹೋಗುತ್ತದಲ್ಲ, ಆಗ ನೆಲವೇ ಜಾರಿದಂತಾಗುತ್ತದೆ. ಕಲಬುರಗಿಯ ಅಪ್ಪನ ಕೆರೆಯ ನೀರು, ಬಾವಿಯ ನೀರು, ಬೇಸಿಗೆಯಲ್ಲಿ ತೆಳ್ಳಗಾದ ಭೀಮಾ ನದಿ ನೋಡಿ ಬೆಳೆದ ಮಗುವಿಗೆ ಇಂಥದ್ದು ಗೊತ್ತಿಲ್ಲ. ನೀರು ತಾನಾಗಿ ಎದ್ದು ಬಂದು ಕಾಲು ಹಿಡಿಯುತ್ತದೆ ಅನ್ನೋದೇ ಹೊಸದು.

ನಮ್ಮ ಫೋಟೊದಲ್ಲಿ ದೊಡ್ಡ ಹುಡುಗಿ ಹಿಮ್ಮಡಿಯನ್ನು ಉಸುಕಿಗೆ ಊರಿ ನಿಂತಿದ್ದಾಳೆ. ಬೆರಳುಗಳು ಮೇಲಕ್ಕೆ ಎದ್ದಿವೆ. ಗಂಡುಹುಡುಗರಲ್ಲಿ ಒಬ್ಬನ ಕಾಲು ಕಾಣುವುದೇ ಇಲ್ಲ, ಕಣಕಾಲವರೆಗೂ ನೊರೆ. ಇನ್ನೊಬ್ಬನ ಕಾಲು ಪೂರ್ತಿ ಒಣಗಿದೆ, ಚಪ್ಪಲಿ ಇನ್ನೂ ಬಿಟ್ಟಿಲ್ಲ. ಚಿಕ್ಕದು ಒಂದು ಕಾಲನ್ನು ಎತ್ತಿಬಿಟ್ಟಿದೆ. ಎತ್ತಿದ ಆ ಪಾದ ಮಸುಕು, ಊರಿದ ಪಾದ ಸ್ಪಷ್ಟ. ನಾಲ್ಕೂ ಮುಖಗಳಲ್ಲಿ ಒಂದೇ ಥರದ ನಗು ಇದೆ. ಕಾಲುಗಳಲ್ಲಿ ಮಾತ್ರ ನಾಲ್ಕು ಮಕ್ಕಳು ನಾಲ್ಕು ಥರ.

ಆ ಮಸುಕಿನ ಬಗ್ಗೆ ಒಂದು ಮಾತು. ಬಾಕ್ಸ್ ಕ್ಯಾಮೆರಾದ ಶಟರ್ ಸುಮಾರು ಸೆಕೆಂಡಿನ ಮೂವತ್ತನೇ ಅಥವಾ ಐವತ್ತನೇ ಭಾಗದಷ್ಟು ಹೊತ್ತು ತೆರೆದಿರುತ್ತಿತ್ತು. ನಿಂತವರು ಸ್ಪಷ್ಟ ಬರುತ್ತಾರೆ, ಅಲುಗಿದ್ದು ಹರಡುತ್ತದೆ. ಹಾಗಾಗಿ ಮಸುಕು ಅಂದರೆ ಕೆಟ್ಟ ಫೋಟೊ ಅಂತ ಅಂದುಕೊಳ್ಳಬೇಡಿ. ಎಲ್ಲಿ ಮಸುಕಾಗಿದೆಯೋ ಅಲ್ಲಿ ಏನೋ ನಡೆದಿದೆ. ಯಾವ ಕೈ ಮಸುಕು, ಯಾವ ಜಡೆ ಮಸುಕು, ಯಾವ ಅಲೆ ಮಸುಕು ಅಂತ ಒಂದೊಂದಾಗಿ ಗುರುತಿಸಿ.

ಆಮೇಲೆ ಕೈಗಳು. ಯಾರ ಕೈ ಯಾರ ಕೈಯಲ್ಲಿದೆ? ಸುಮ್ನೆ ಹಿಡಿದಿದ್ದಾರೋ, ಗಟ್ಟಿಯಾಗಿ ಬಿಗಿದಿದ್ದಾರೋ? ಬೆರಳ ಗಂಟು ನೋಡಿದರೆ ಗೊತ್ತಾಗುತ್ತದೆ. ಅಂಚಿನಲ್ಲಿ ಫೋಟೊದ ಹೊರಗಿನಿಂದ ಒಂದು ಕೈ ಬಂದಿದೆಯಾ? ತಾಯಂದಿರು ಹಾಗೆ ಇರುತ್ತಾರೆ. ಫೋಟೊದಲ್ಲಿ ಇಲ್ಲ, ಆದರೆ ಬಳೆ ತೊಟ್ಟ ಒಂದು ಕೈ ಮಗುವಿನ ಅಂಗಿಯ ತುದಿ ಹಿಡಿದಿರುತ್ತದೆ.

ಬಟ್ಟೆ ನೋಡುವಾಗ ಎರಡು ಪ್ರಶ್ನೆ ಸಾಕು. ಎಲ್ಲಿವರೆಗೆ ಒದ್ದೆಯಾಗಿದೆ? ಗಾಳಿ ಯಾವ ಕಡೆಗೆ ಎಳೆದಿದೆ? ನಮ್ಮ ಹುಡುಗಿ ಪರಕಾರವನ್ನು ಒಂದು ಕೈಯಲ್ಲಿ ಮುದ್ದೆ ಮಾಡಿ ಎತ್ತಿ ಹಿಡಿದಿದ್ದಾಳೆ, ಆದರೂ ಅಂಚು ಒದ್ದೆ. ಒದ್ದೆ ಬಟ್ಟೆ ಕಪ್ಪಾಗಿ ಕಾಣುತ್ತದೆ, ಅದು ಅಲೆ ಎಷ್ಟು ಎತ್ತರ ಬಂದಿತ್ತು ಅನ್ನೋದರ ಗುರುತು. ಪ್ರವಾಸಕ್ಕೆಂದು ತಂದ ಒಳ್ಳೆ ಪರಕಾರ, ಅದನ್ನೂ ಉಳಿಸಬೇಕು, ತಮ್ಮನನ್ನೂ ಬಿಡಬಾರದು. ಒಂದು ಕೈ ಅದಕ್ಕೆ, ಒಂದು ಕೈ ಇವನಿಗೆ.

ಮುಖಗಳನ್ನು ಈಗ ನೋಡಿ. ಇಷ್ಟೆಲ್ಲ ನೋಡಿ ಬಂದ ಮೇಲೆ ಅದೇ ಮುಖ ಬೇರೆಯಾಗಿ ಕಾಣುತ್ತದೆ. ಕ್ಯಾಮೆರಾ ನೋಡದೆ ಬೇರೆಲ್ಲೋ ನೋಡುತ್ತಿರುವ ಮಗು ಇದ್ದರೆ ಅದರ ಕಣ್ಣು ಹೋದ ದಿಕ್ಕಿಗೆ ನೀವೂ ಹೋಗಿ. ಕುದುರೆ ಬಂತೋ, ಭೇಲ್‌ಪುರಿಯವನು ಬಂದನೋ, ದೊಡ್ಡ ಅಲೆ ಬಂತೋ. ಫೋಟೊದಲ್ಲಿ ಕಾಣದೆ ಇರಬಹುದು, ಆದರೆ ಅಲ್ಲಿ ಏನೋ ಇತ್ತು.

ಮುಖವೇ ಇಲ್ಲದ ಫೋಟೊ

ಮಕ್ಕಳ ಬೆನ್ನು ಮಾತ್ರ ಕಾಣುವ ಫೋಟೊ ನಿಮ್ಮಲ್ಲಿದ್ದರೆ ಅದನ್ನು ಹಾಳಾದದ್ದು ಅಂತ ಎಸೆಯಬೇಡಿ. ಹಂಗೇರಿಯ ಛಾಯಾಗ್ರಾಹಕ ಮಾರ್ಟಿನ್ ಮುಂಕಾಚಿ ಸುಮಾರು 1930ರಲ್ಲಿ ಆಫ್ರಿಕಾದಲ್ಲಿ ಮೂವರು ಹುಡುಗರ ಫೋಟೊ ತೆಗೆದರು, ಟಾಂಗನಿಕಾ ಸರೋವರದ್ದೆಂದು ಅದು ಹೆಸರಾಗಿದೆ. ಹುಡುಗರು ಅಲೆಯೊಳಗೆ ಓಡುತ್ತಿದ್ದಾರೆ. ನಮಗೆ ಕಾಣುವುದು ಬೆನ್ನು, ತೋಳು, ಕಾಲು, ಬಿಳಿ ನೊರೆ ಅಷ್ಟೇ. ಯಾರ ಮುಖವೂ ಕಾಣುವುದಿಲ್ಲ. ಆ ಒಂದು ಫೋಟೊ ನೋಡಿ ಫ್ರಾನ್ಸಿನ ಯುವಕ ಆಂರಿ ಕಾರ್ತಿಯೆ-ಬ್ರೆಸ್ಸೋಂ ಕ್ಯಾಮೆರಾವನ್ನು ಗಂಭೀರವಾಗಿ ಹಿಡಿದರು. ಮುಂದೆ ಜಗತ್ತಿನ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬರಾದರು. ಇಂಟರ್ನೆಟ್ಟಿನಲ್ಲಿ ಆ ಚಿತ್ರ ಸಿಗುತ್ತದೆ. ಮೇಲೆ ಹೇಳಿದ ಕ್ರಮದಲ್ಲಿ ಅದನ್ನು ಒಮ್ಮೆ ನೋಡಿ. ಕಪ್ಪು ಮೈಗಳ ನಡುವೆ ಉಳಿದ ಬಿಳಿ ಜಾಗಗಳ ಆಕಾರವನ್ನೂ ಗಮನಿಸಿ. ಆಮೇಲೆ ನಿಮ್ಮ ಮನೆಯದಕ್ಕೆ ಮರಳಿ ಬನ್ನಿ, ಕಣ್ಣು ಪಳಗಿರುತ್ತದೆ.

ಎಲ್ಲಿಯದು, ಯಾವಾಗಿನದು

ಹಿನ್ನೆಲೆಯಲ್ಲಿ ಏನಾದರೂ ಕಟ್ಟಡ ಇದ್ದರೆ ಕೆಲಸ ಸುಲಭ. ಕನ್ಯಾಕುಮಾರಿಯ ಫೋಟೊ ಆದರಂತೂ ಇನ್ನೂ ಸುಲಭ. ಬಂಡೆಯ ಮೇಲೆ ವಿವೇಕಾನಂದ ಸ್ಮಾರಕ ಇದ್ದರೆ ಫೋಟೊ 1970ರ ಹೊತ್ತಿಗೆ ಅಥವಾ ಆಮೇಲಿನದು. ಪಕ್ಕದಲ್ಲಿ ತಿರುವಳ್ಳುವರ್ ಪ್ರತಿಮೆ ಪೂರ್ತಿಯಾಗಿ ನಿಂತಿದ್ದರೆ 2000ದ ಹೊತ್ತಿಗೆ ಅಥವಾ ಆಮೇಲಿನದು, ಅದನ್ನು ಉದ್ಘಾಟಿಸಿದ್ದು ಆ ವರ್ಷದ ಮೊದಲ ದಿನ. ಬರೀ ಬಂಡೆ ಇದ್ದರೆ 1960ರ ದಶಕ ಅಥವಾ ಅದಕ್ಕೂ ಹಿಂದಿನದು. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಪೂರ್ತಿಯಾದದ್ದು 1924ರಲ್ಲಿ, ಹಾಗಾಗಿ ಅದರಿಂದ ಹೆಚ್ಚು ಸುಳಿವು ಸಿಗುವುದಿಲ್ಲ. ಮರೀನಾದಲ್ಲಿ ಕಾರ್ಮಿಕರ ಪ್ರತಿಮೆ ಕಂಡರೆ 1959 ಅಥವಾ ಆಮೇಲಿನದು. ನಮ್ಮ ಕರಾವಳಿಯ ಗೋಕರ್ಣ, ಮುರುಡೇಶ್ವರಕ್ಕೆ ಕೊಂಕಣ ರೈಲು ಪೂರ್ತಿ ಓಡಾಡಲು ಶುರುವಾದದ್ದು 1998ರಲ್ಲಿ. ಅದಕ್ಕೂ ಹಿಂದೆ ಅಲ್ಲಿಗೆ ಹೋಗಿದ್ದಾರೆ ಅಂದರೆ ಬಸ್ಸಿನಲ್ಲೋ ಜೀಪಿನಲ್ಲೋ ಘಾಟಿ ಇಳಿದು ಹೋಗಿದ್ದಾರೆ. ಆ ಪ್ರಯಾಣದ ಕಥೆ ಕೇಳುವಂಥದ್ದೇ.

ಹಿರಿಯರ ಹತ್ತಿರ ಕೂತು

ಈಗ ಹೆಸರಿನ ಸರದಿ. ಫೋಟೊ ತೆಗೆದುಕೊಂಡು ಮುತ್ಯಾನ ಹತ್ತಿರ, ಆಯಿಯ ಹತ್ತಿರ, ಕಾಕಾನ ಹತ್ತಿರ ಹೋಗಿ. ಮೊದಲೇ "ಇದು ಯಾವ ಇಸ್ವಿ?" ಅಂತ ಕೇಳಬೇಡಿ. ಇಸವಿ ಕೇಳಿದರೆ ಹಿರಿಯರು ಗೊತ್ತಿಲ್ಲ ಅಂತ ಸುಮ್ಮನಾಗುತ್ತಾರೆ. ನೀವು ಈಗಾಗಲೇ ನೋಡಿಟ್ಟದ್ದನ್ನೇ ಕೇಳಿ. "ಅತ್ತಿ, ಇಂವ ಚಪ್ಪಲ್ ಯಾಕ ಬಿಟ್ಟಿಲ್ಲ?" ನಾನು ಕೇಳಿದ್ದು ಇಷ್ಟೇ. ಅತ್ತೆ ಕನ್ನಡಕ ಏರಿಸಿ ನೋಡಿದರು. "ಹೊಸಾ ಚಪ್ಪಲ್ ಅವು. ಬಿಟ್ರ ಯಾರರೆ ಒಯ್ತಾರ ಅಂತ ಅಂಜಿದ್ದ. ರಾತ್ರಿ ರೈಲಿನಾಗೂ ತಲಿ ಕೆಳಗ ಇಟ್ಕೊಂಡು ಮಲಗಿದ್ದ" ಅಂದರು. ಆಮೇಲೆ ರೈಲು ಬಂತು, ಸೊಲ್ಲಾಪುರದ ಸ್ಟೇಷನ್ ಬಂತು, ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಂತು. ನೀರು ಬಾಯಿಗೆ ಹಾಕಿಕೊಂಡು ಉಗುಳಿದ್ದು ಬಂತು. "ಉಪ್ಪ ಇರ್ತದ ಅಂತ ಸಾಲ್ಯಾಗ ಕೇಳಿದ್ವಿ. ಆದ್ರ ಅಷ್ಟ ಉಪ್ಪ ಇರ್ತದ ಅಂತ ಯಾರೂ ಹೇಳಿದ್ದಿಲ್ಲ." ವರ್ಷ ಕೊನೆಗೆ ತಾನಾಗಿ ಬಂತು, ಯಾರದೋ ಮದುವೆಯ ಹಿಂದಿನ ಬೇಸಿಗೆ ಅಂತ.

ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲು ಕೇಳಿ ಒಪ್ಪಿಗೆ ಪಡೆದು. ಫೋಟೊದಲ್ಲಿರುವ ಯಾರಾದರೂ ತೀರಿಹೋಗಿದ್ದರೆ ಅವರ ಕಡೆ ಬೆರಳು ಹೋದಾಗ ಅವಸರ ಮಾಡಬೇಡಿ. ಮಾತು ನಿಂತರೆ ನಿಲ್ಲಲಿ.

ಉಳಿಸಿಕೊಳ್ಳುವುದು

ಸ್ಕ್ಯಾನರ್ ಸಿಕ್ಕರೆ ಕನಿಷ್ಠ 600 ಡಿಪಿಐ, ಇಂಥ ಚಿಕ್ಕ ಪ್ರಿಂಟ್‌ಗೆ 1200. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಫೋನಿನಲ್ಲಿ ತೆಗೆಯುವುದಾದರೆ ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಫೋನು ಫೋಟೊಕ್ಕೆ ಸಮಾನಾಂತರವಾಗಿ ಇರಲಿ.

ಬಣ್ಣ ತುಂಬುವ, ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಅವು ಹಾಕುವ ಬಣ್ಣ ಊಹೆಯದು. ಸ್ಪಷ್ಟ ಮಾಡಿದ ಕಣ್ಣು-ಮೂಗು ನಿಮ್ಮ ಅತ್ತೆಯದಲ್ಲ, ಯಂತ್ರ ಕಟ್ಟಿದ್ದು. ಚಿಕ್ಕದರ ಎತ್ತಿದ ಕಾಲಿನ ಮಸುಕನ್ನು ಅದು ತಪ್ಪು ಅಂದುಕೊಂಡು ತಿದ್ದಿಬಿಡುತ್ತದೆ. ಮೂಲ ಸ್ಕ್ಯಾನನ್ನು ಮುಟ್ಟದೆ ಬೇರೆ ಇಡಿ. ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಮೊದಲು ಅದನ್ನೇ ಕಳಿಸಿ.

ಕಾಗದದ ಫೋಟೊವನ್ನು ಒಂದೊಂದಾಗಿ ಆ್ಯಸಿಡ್ ಇಲ್ಲದ ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ, ಮಲಗಿಸಿ ಇಡಿ. ಅಂಟು ಹಾಳೆಯ ಆಲ್ಬಮ್, ಪಿವಿಸಿ ಪ್ಲಾಸ್ಟಿಕ್ ಕವರ್, ಸೆಲ್ಲೋಟೇಪ್, ಲ್ಯಾಮಿನೇಶನ್ ಬೇಡ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕೆಡಿಸುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆದ್ದರಿಂದ ಪತ್ರಾಸಿನ ಕೆಳಗಿನ ಅಟ್ಟ ಬೇಡ. ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಯ ಅಲಮಾರಿಯೂ ಬೇಡ. ಒಳಕೋಣೆಯ ಸ್ಟೀಲ್ ಕಪಾಟಿನ ನಡುವಿನ ಹಲಗೆ ಸಾಕು. ಬೇವಿನ ಸೊಪ್ಪು, ಡಾಂಬರು ಗುಳಿಗೆ ಫೋಟೊದ ಜೊತೆ ಇಡಬೇಡಿ. ವರ್ಷಕ್ಕೊಮ್ಮೆ, ದೀಪಾವಳಿಯ ಮನೆ ಸ್ವಚ್ಛ ಮಾಡುವಾಗ, ತೆಗೆದು ಗಾಳಿ ಆಡಿಸಿ, ಹುಳ ಬಿದ್ದಿದೆಯಾ ನೋಡಿ.

ಹೆಸರುಗಳನ್ನು ಬರೆಯುವುದು ಹಿಂಭಾಗದ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ. ಬಾಲ್ ಪೆನ್ ಬೇಡ, ಅದರ ಗುರುತು ಮುಂದಕ್ಕೆ ಮೂಡುತ್ತದೆ. ಆರ್‌ಸಿ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಹಾಗಿದ್ದರೆ ಲಕೋಟೆಯ ಮೇಲೆ ಬರೆಯಿರಿ, ಫೋಟೊ ಒಳಗೆ ಹಾಕುವ ಮೊದಲೇ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಆಗಿನ ವಯಸ್ಸು, ಊರು. "ಕಾಕಾನ ಮಗ" ಅಂತ ಬರೆದರೆ ಮುಂದಿನ ತಲೆಮಾರಿಗೆ ಯಾರ ಕಾಕಾ ಅಂತ ತಿಳಿಯುವುದಿಲ್ಲ, ಪೂರ್ತಿ ಹೆಸರೇ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು: ಫೋಟೊ ತೆಗೆದವರ ಹೆಸರು.